ಬೆನ್ನು ತಿರುಗಿಸಿದವನ ಮಾತು

ಜೂನ್ ೪, ಬುಧವಾರ

ಅಕ್ಕಾ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯ ಎಂದು ನಂಬಿಕೊಂಡೇ ಶುರು ಮಾಡುತ್ತೇನೆ. ಹೇಗಿದ್ದೀಯ ಎಂದು ಕೇಳಿದರೆ ಮಂಡಿನೋವಿನಿಂದ ಹಿಡಿದು ನಿನ್ನ ಲಾಂಡ್ರಿಯ ಕೆಟ್ಟ ಮಷೀನಿನ ತನಕ ಎಲ್ಲದರ ಪುರಾಣ ಬರುತ್ತದೆ. ಫೋನ್ ಮಾಡದೆ ಕಾಗದ ಬರೆದನಲ್ಲ ಎಂದು ಬೈಯಬೇಡ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡಿ ಒಟ್ಟಿಗೇ ಫೋನು ಕುಕ್ಕಿಬಿಡುತ್ತೇವೆ, ಕಾಗದವೇ ವಾಸಿ ಎಂದವಳು ನೀನೇ.

ವಿಷಯ ಏನೆಂದರೆ, ನಿನ್ನ ತಮ್ಮನಿಗೆ ಈ ವಯಸ್ಸಿನಲ್ಲಿ ಯೋಗ ಕೂಡಿಬಂದಿದೆ. ಇಪ್ಪತ್ತೆರಡನೇ ತಾರೀಖು, ಭಾನುವಾರ, ಪುರಭವನದಲ್ಲಿ ದೊಡ್ಡ ಚರ್ಚೆ. "ಯಾರು ಉಳಿದರು?" ಎಂದು ಹೆಸರಿಟ್ಟಿದ್ದಾರೆ. ಹೊಡೆದಾಟದ ಚಿತ್ರಗಳ ಹೀರೋಗಳಲ್ಲಿ ಜನರ ಬದುಕಿನೊಳಗೆ ನಿಜವಾಗಿ ಉಳಿದವನು ಯಾರು, ಲಂಗರೋ ಬೆಂಕಿಕಡ್ಡಿಯೋ? ಟೀವಿಯಲ್ಲೂ ಬರುತ್ತದಂತೆ. ಬೆಂಕಿಕಡ್ಡಿಯ ಪರವಾಗಿ ಒಬ್ಬ ನಿವೃತ್ತ ಡ್ರಿಲ್ ಮಾಸ್ತರ. ಲಂಗರಿನ ಪರವಾಗಿ ನಾನು. ನಾನಲ್ಲದೆ ಇನ್ಯಾರು? ಕೈಗೆ ಹಡಗಿನ ಸರಪಳಿ ಸುತ್ತಿಕೊಂಡು ಹೊಡೆಯುವ ಆ ಪರಭಾಷೆಯ ಮೂಗನನ್ನು ಡಬ್ಬಿಂಗ್ ಬರೆದು ನಮ್ಮ ಭಾಷೆಯಲ್ಲಿ ಮಾತಾಡಿಸಿದವನು ನಾನು.

ನನ್ನ ವಾದ ತಯಾರಾಗಿದೆ, ಕೇಳು. ಬೆಂಕಿಕಡ್ಡಿ ಏನು ಬಿಟ್ಟುಹೋದ? ಹಣೆ ಮೇಲೆ ಇಳಿಬಿಟ್ಟ ಕೂದಲು. ಅದು ಮುಂದಿನ ಕ್ಷೌರಕ್ಕೆ ಹೋಯಿತು. ಮಾಳಿಗೆಯಿಂದ ಮಾಳಿಗೆಗೆ ಹಾರುವುದು. ಅದು ಮೂಳೆ ಡಾಕ್ಟರ ಹತ್ತಿರ ಮುಗಿಯಿತು. ಲಂಗರು ಬಿಟ್ಟುಹೋದದ್ದು ಒಂದು ಮಾತು: "ಬಾಗಿಲು ನಿಂದು, ಕಾಲು ನಂದು!" ಇವತ್ತಿಗೂ ಲಾರಿಗಳ ಹಿಂದೆ ಇದೆ, ಟೀ ಶರ್ಟಿನ ಮೇಲೆ ಇದೆ. ಮೊನ್ನೆ ಕೆಲಸ ಬಿಟ್ಟ ಒಬ್ಬ ಮ್ಯಾನೇಜರು ರಾಜೀನಾಮೆಯ ಕೊನೆಗೆ ಇದನ್ನೇ ಬರೆದನಂತೆ. ಕೂದಲು ಉದುರುತ್ತದೆ, ಮಾತು ಉಳಿಯುತ್ತದೆ. ಹೇಗೆ?

ಈ ಮಾತು ಎಲ್ಲಿಂದ ಹೊಳೆಯಿತು ಎಂದು ಕೇಳೇ ಕೇಳುತ್ತಾರೆ. ಏನಾದರೂ ಹೇಳುತ್ತೇನೆ ಬಿಡು, ಸ್ನಾನದ ಮನೆಯಲ್ಲಿ ಹೊಳೆಯಿತು ಅಂತಲೋ ಏನೋ. ಆ ಚಿತ್ರ ಬಂದ ವರ್ಷ ನಮ್ಮ ಬೀದಿ ಹೇಗಿತ್ತು ಎಂದು ನೀನು ನಾಲ್ಕು ಸಾಲು ಬರೆದು ಕಳಿಸಿದರೆ ಅಲ್ಲಿ ಸೇರಿಸಿಕೊಳ್ಳುತ್ತೇನೆ. ನಿನಗೆ ಜ್ಞಾಪಕ ಚೆನ್ನಾಗಿದೆ.

ನಿನ್ನ ಅಳಿಯ ತನ್ನ ಜಿಮ್ಮಿನ ಹುಡುಗರನ್ನೆಲ್ಲ ಕರೆತಂದು ಮುಂದಿನ ಸಾಲು ತುಂಬಿಸುತ್ತಾನಂತೆ. ಬಂಗಾರದಂಥ ಮನುಷ್ಯ. ಈಗಲೂ ನನ್ನನ್ನು ಕಂಡರೆ ಎದ್ದು ನಿಂತು "ಗುರುಗಳೇ" ಎನ್ನುತ್ತಾನೆ. ನಿನ್ನ ಮಗಳು ಪುಟ್ಟಿಯನ್ನೂ ನೋಡಿದೆ. ಸ್ವಲ್ಪ ಇಳಿದಿದ್ದಾಳೆ, ಮಾತು ಕಮ್ಮಿ. ಮದುವೆಯಾದ ಮೇಲೆ ಗಾಂಭೀರ್ಯ ಬಂದಿದೆ, ಒಳ್ಳೆಯದೇ.

ನಿನ್ನ ತಮ್ಮ,
ಡೈಲಾಗ್ ಮಾಸ್ತರ


ಜೂನ್ ೧೧, ಬುಧವಾರ

ತಮ್ಮಾ,

ಸ್ನಾನದ ಮನೆಯಲ್ಲಿ ಹೊಳೆಯಿತೇ? ಥೂ, ನಿನ್ನ ಬಾಯಿಗೆ ಬೂದಿ ಬೀಳ!

ಇಷ್ಟು ವರ್ಷ ನಾನು ಬಾಯಿ ಬಿಡಲಿಲ್ಲ. ಬಿಡಬಾರದೆಂದೂ ಅಂದುಕೊಂಡಿದ್ದೆ. ತಮ್ಮ ಆಗಷ್ಟೇ ಕಣ್ಣು ಬಿಡುತ್ತಿದ್ದಾನೆ, ಅವನ ಹೊಟ್ಟೆಪಾಡು ಎಂದು ಸುಮ್ಮನಿದ್ದೆ. ಸುಮ್ಮನಿದ್ದರೆ ನೀನು ಅದನ್ನು ಮರೆವು ಎಂದುಕೊಂಡಿದ್ದೀಯ. ನನಗೆ ಜ್ಞಾಪಕ ಚೆನ್ನಾಗಿದೆ ಎಂದು ನೀನೇ ಸರ್ಟಿಫಿಕೇಟು ಕೊಟ್ಟಿದ್ದೀಯಲ್ಲ, ಹಾಗಾದರೆ ಕೇಳು.

ಮಾವನವರ ಮನೆಯ ನಡುಮನೆ. ಪುಟ್ಟಿ ನನ್ನ ಸೊಂಟದ ಮೇಲೆ, ಮೂಗು ಸುರಿಸಿಕೊಂಡು. ನನ್ನ ಟ್ರಂಕು ಹೊರಲು ಬಂದ ನೀನು ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದೆ, ಹೆದರಿದ ಹಲ್ಲಿಯ ಹಾಗೆ. ನನ್ನ ಗಂಡ ಕಿಟಕಿ ಕಡೆ ನೋಡುತ್ತಿದ್ದ. ಮಾವ ಎದ್ದು ಬಂದು ಬಾಗಿಲಿಗೆ ಕೈ ಅಡ್ಡ ಹಿಡಿದರು. "ಈ ಬಾಗಿಲು ದಾಟಿದ್ಯೋ, ಮತ್ತೆ ಇದು ನಿನ್ನ ಪಾಲಿಗಿಲ್ಲ" ಅಂದರು. ನಾನು ಅವರ ಮುಖ ನೋಡಿಕೊಂಡೇ ಅಂದೆ, "ಬಾಗಿಲು ನಿಮ್ದು. ಕಾಲು ನಂದು." ಕೈ ತೆಗೆದರು. ಬಂದೆ. ಆಮೇಲೆ ಬಸ್ಸಿನಲ್ಲಿ ನಮ್ಮೂರು ಬರುವ ತನಕ ನಿನ್ನ ಭುಜ ಹಿಡಿದುಕೊಂಡಿದ್ದೆ. ಆ ಭುಜಕ್ಕಾದರೂ ನೆನಪಿರಬೇಕಿತ್ತು.

ಅದಾಗಿ ವರ್ಷ ಕಳೆದಿರಲಿಲ್ಲ. ನೀನು ಬರೆದ ಮೊದಲ ಚಿತ್ರ ಎಂದು ನನ್ನನ್ನು ಟಾಕೀಸಿಗೆ ಕರೆದುಕೊಂಡು ಹೋದೆ. ಪರದೆ ಮೇಲೆ ಆ ದಡಿಯ ಬೆನ್ನು ತಿರುಗಿಸಿಕೊಂಡು ನನ್ನ ಮಾತು ಆಡಿದ. ಜನ ಕುರ್ಚಿ ಮೇಲೆ ಹತ್ತಿ ಕುಣಿದರು. ನಿನ್ನ ಮುಖ ನೋಡಿದೆ. ನೀನೂ ಕುಣಿಯುತ್ತಿದ್ದೆ. ಮನೆಗೆ ಬಂದವಳೇ ತಲೆನೋವು ಎಂದು ಮಲಗಿಬಿಟ್ಟೆ.

ಅಲ್ಲಿಂದ ಇಲ್ಲಿಯ ತನಕ ಆ ಟೀ ಶರ್ಟುಗಳು ನನ್ನ ಮೇಜಿನ ಮೇಲೆ ಬರುತ್ತವೆ. ರಬ್ಬರಿನ ಅಕ್ಷರ, ಮೇಲೆ ಇಸ್ತ್ರಿ ಇಟ್ಟರೆ ಕರಗಿ ಪೆಟ್ಟಿಗೆಗೆ ಅಂಟುತ್ತದೆ. ಒಳಮೈ ಹೊರಗೆ ಮಾಡಿ ತಿಕ್ಕಬೇಕು. ನಾನಾಡಿದ ಮಾತನ್ನೇ ತಿರುಗುಮುರುಗು ಮಾಡಿಕೊಂಡು ನಾನೇ ಇಸ್ತ್ರಿ ಹಾಕುತ್ತೇನೆ. ಕರ್ಮ!

ಯಾರು ಉಳಿದರು ಎಂದು ಕೇಳಿದೆಯಲ್ಲ, ಕೌಂಟರಿನ ಹಿಂದೆ ನಿಂತು ಕಂಡದ್ದನ್ನು ಹೇಳುತ್ತೇನೆ. ಬೆಂಕಿಕಡ್ಡಿ ನಮ್ಮ ಬೀದಿಯ ಹುಡುಗರ ಕಾಲು ಮುರಿದ. ಮುರಿದ ಕಾಲು ಕೂಡಿಕೊಂಡಿತು, ಈಗ ಅವರು ಬೊಜ್ಜು ಹೊತ್ತುಕೊಂಡು ಮಕ್ಕಳನ್ನು ಸ್ಕೂಲಿಗೆ ಬಿಡುತ್ತಾರೆ. ನಿನ್ನ ಲಂಗರು ಪೋಸ್ಟರಿನಲ್ಲಿ ನಿಂತು ಅವರಿಗೆ ಬಾಗಿಲಲ್ಲಿ ನಿಲ್ಲುವುದನ್ನು ಕಲಿಸಿದ. ಎರಡು ಕೈಯನ್ನೂ ಚೌಕಟ್ಟಿಗೆ ಕೊಟ್ಟು, ಎದೆ ಉಬ್ಬಿಸಿಕೊಂಡು ನಿಲ್ಲುತ್ತಾರೆ. ಹೊರಗೆ ಹೋಗುವವಳು ಆಡಿದ ಮಾತನ್ನು ಅಡ್ಡ ನಿಲ್ಲುವವರು ಎದೆ ಮೇಲೆ ಬರೆಸಿಕೊಂಡಿದ್ದಾರೆ. ಉಳಿದದ್ದು ಇದು. ಹೋಗಿ ನಿನ್ನ ಪುರಭವನದಲ್ಲಿ ಹೇಳು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಪುಟ್ಟಿಗೆ ಫೋನ್ ಮಾಡಿದಾಗಲೆಲ್ಲ ನಿನ್ನ ಬಂಗಾರದಂಥ ಮನುಷ್ಯನೇ ಯಾಕೆ ಎತ್ತುತ್ತಾನೆ? ಹೋದ ಸಲ ನಾನು ಅಲ್ಲಿಗೇ ಬಂದೆ. ಗೇಟಿನಲ್ಲೇ ನಿಂತು "ಮಲಗಿದ್ದಾಳೆ ಅತ್ತೆ, ಏಳಿಸಬೇಡಿ" ಅಂದ. ಬಿಸಿಲಲ್ಲಿ ಕಾದೆ, ಸಂಜೆಯಾದರೂ ಅವಳು ಏಳಲಿಲ್ಲ. ಯಾವ ಹೆಣ್ಣು ಇಡೀ ದಿನ ಮಲಗುತ್ತದೆ? ಆ ಗಂಡನ್ನು ಹುಡುಕಿ ತಂದವನು ನೀನು. ಅದೇ ಊರಲ್ಲಿದ್ದೀಯ. ನಿನಗೆ ಮಾತ್ರ ಅವನು ಗೇಟು ತೆಗೆಯುತ್ತಾನೆ. "ಇಳಿದಿದ್ದಾಳೆ, ಮಾತು ಕಮ್ಮಿ, ಒಳ್ಳೆಯದೇ" ಎಂದು ಬರೆದಿದ್ದೀಯಲ್ಲೋ, ಕಣ್ಣೇನು ತಲೆ ಹಿಂದಕ್ಕೆ ಹೋಗಿದೆಯಾ? ಪುಟ್ಟಿ ಎಲ್ಲಿ ಮಾತು ಕಮ್ಮಿ ಮಾಡಿದವಳು? ಹುಟ್ಟಿದಾಗಿನಿಂದ ವಟವಟ ಎನ್ನುತ್ತಿದ್ದ ಹುಡುಗಿ ಅದು.

ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿಸಿ, ಕಂಡದ್ದನ್ನು ಕಂಡ ಹಾಗೆ ಬರಿ. ಅಡ್ಡಗೋಡೆ ಮೇಲೆ ದೀಪ ಇಡಬೇಡ.

ಅಕ್ಕ


ಜೂನ್ ೧೭, ಮಂಗಳವಾರ

ಅಕ್ಕಾ,

ನಿನ್ನ ಕಾಗದ ಓದಿ ನನಗೂ ಸಿಟ್ಟು ಬಂತು. ಕದ್ದೆ ಎಂದು ನೀನು ಬರೆದಿಲ್ಲ, ಆದರೆ ಸಾಲು ಸಾಲಿನಲ್ಲೂ ಅದೇ ಇದೆ. ಒಂದೇ ಮನೆಯಲ್ಲಿ ಬೆಳೆದವರ ನಡುವೆ ಮಾತಿಗೆ ಬೇಲಿ ಹಾಕುತ್ತಾರೇನು? ಅಮ್ಮನ ಗಾದೆಗಳನ್ನೆಲ್ಲ ನೀನು ಗಿರಾಕಿಗಳ ಮೇಲೆ ಬಿಡುತ್ತೀಯ, ಅಮ್ಮ ಬಂದು ಕೇಳಿದಳೇ?

ಆ ದಿನ ಏನಾಯಿತೆಂದು ನಿನಗೆ ಗೊತ್ತಿಲ್ಲ. ಡಬ್ಬಿಂಗ್ ಎಂದರೆ ಸುಲಭದ ಕೆಲಸ ಅಂದುಕೊಂಡಿದ್ದೀಯ. ಪರದೆ ಮೇಲಿನವನ ತುಟಿ ಮುಚ್ಚಿದ ಕಡೆ ನಮ್ಮ ಮಾತಿನಲ್ಲೂ ಪ, ಬ, ಮ ಬೀಳಬೇಕು. ತುಟಿ ತೆರೆದಾಗ ಆ, ಓ ಬರಬೇಕು. ಒಂದು ಸಾಲಿಗೆ ಬೆವರು ಕಿತ್ತು ಬರುತ್ತದೆ. ಆ ದೃಶ್ಯದಲ್ಲಿ ಲಂಗರು ಖಳನ ಕೋಣೆಯಿಂದ ಹೊರಡುತ್ತಾನೆ. ಮೂಲದಲ್ಲಿ ಮಾತೇ ಇಲ್ಲ, ಸುಮ್ಮನೆ ನಡೆದುಹೋಗುತ್ತಾನೆ. ಹಂಚಿಕೆದಾರ ಹಾರಾಡಿದ. "ಇಷ್ಟು ಹೊತ್ತು ಸೌಂಡಿಲ್ದೆ ಇದ್ರೆ ಜನ ಕರೆಂಟ್ ಹೋಯ್ತು ಅನ್ಕೊಂಡು ಸೀಟು ಹರೀತಾರೆ. ಬೆನ್ನು ತಿರುಗ್ಸಿದಾನೆ, ತುಟಿ ಕಾಣಲ್ಲ, ಏನಾದ್ರೂ ತುಂಬಯ್ಯ!" ಅಂದ. ನಮ್ಮಲ್ಲಿ ಇದೇ ಪದ್ಧತಿ, ಬೆನ್ನು ಕಂಡರೆ ಮಾತು ತುಂಬುವುದು. ಮೈಕಿನ ಮುಂದೆ ಜನ ಕಾಯುತ್ತಿದ್ದಾರೆ, ನನ್ನ ತಲೆ ಖಾಲಿ. ಬಾಯಿಗೆ ಬಂದದ್ದು ಅದು. ಬೇಕೆಂದು ಮಾಡಿದೆನೇ?

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ನೀನು ಆ ನಡುಮನೆಯಲ್ಲಿ ಆಡಿದ ಮಾತನ್ನು ಕೇಳಿದವರು ಎಷ್ಟು ಜನ? ಅಲ್ಲೇ ಬಿಟ್ಟಿದ್ದರೆ ಅದು ಆ ಮನೆಯ ಧೂಳಿನ ಜೊತೆ ಗುಡಿಸಿಹೋಗುತ್ತಿತ್ತು. ಲಂಗರು ಅದನ್ನು ಹೊತ್ತುಕೊಂಡು ಊರೂರು ತಿರುಗಿದ. ಹೀರೋ ಎಂದರೆ ಅದೇ ಅಲ್ಲವೇ, ನಮ್ಮ ಪುಟ್ಟ ಮಾತನ್ನು ದೊಡ್ಡದು ಮಾಡುವವನು? ನಿನಗೆ ಹೆಸರು ಬೇಕಿದ್ದರೆ ಹೇಳು. "ನಮ್ಮ ಅಕ್ಕನ ಮಾತಿನ ಧಾಟಿಯಿಂದ ಪ್ರೇರಣೆ" ಎಂದು ವೇದಿಕೆ ಮೇಲೆ ಹೇಳುತ್ತೇನೆ. ಟೀವಿಯಲ್ಲಿ ನೋಡು.

ಪುಟ್ಟಿಯ ಬಗ್ಗೆ ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತೀಯ. ಗಂಡ ಹೆಂಡತಿ ಎಂದ ಮೇಲೆ ಒಂದು ಮಾತು ಬರುತ್ತದೆ, ಹೋಗುತ್ತದೆ. ಹೋದ ಶನಿವಾರ ನಾನು ಅಲ್ಲೇ ಊಟಕ್ಕೆ ಹೋಗಿದ್ದೆ. ಅಳಿಯ, ಅವನ ನಾಲ್ಕೈದು ಸ್ನೇಹಿತರು, ನಾನು. ಚರ್ಚೆಗೆ ಏನೇನು ಹೇಳಬೇಕೆಂದು ಗಲಾಟೆಯೋ ಗಲಾಟೆ. ನಿನಗೆ ನಗು ಬರುವಂಥದ್ದು ಹೇಳುತ್ತೇನೆ. ನಾವು ಕೈ ತೊಳೆದು ಕೂತಿದ್ದೇವೆ, ಪುಟ್ಟಿ ಒಳಗಿನಿಂದ ಬ್ಯಾಗು ಹಿಡಿದುಕೊಂಡು ಬಂದಳು. ಅಳಿಯ ತಮಾಷೆಗೆ ಎದ್ದು ಬಾಗಿಲಿಗೆ ಅಡ್ಡ ನಿಂತ, ಥೇಟ್ ಲಂಗರು. ಪುಟ್ಟಿ ಅವನ ಮುಖ ನೋಡಿಕೊಂಡು ಡೈಲಾಗ್ ಹೊಡೆದಳು! ನಮ್ಮ ಡೈಲಾಗೇ! ಅದರಲ್ಲೂ ಎಡವಟ್ಟು ನೋಡು, ಗಾಬರಿಗೆ "ಬಾಗಿಲು ನಿಮ್ದು" ಅಂದುಬಿಟ್ಟಳು. ಅಳಿಯ "ನಿಮ್ದು ಅಲ್ಲ ಕಣೇ, ನಿಂದು, ನಿಂದು" ಎಂದು ತಿದ್ದಿದ. ಒಬ್ಬ ಬಾಯಲ್ಲೇ ಚಿತ್ರದ ಮ್ಯೂಸಿಕ್ ಹಾಕಿದ, ಇನ್ನೊಬ್ಬ ಶಿಳ್ಳೆ ಹೊಡೆದ. ನಾನಂತೂ ನಕ್ಕು ನಕ್ಕು ಕಣ್ಣಲ್ಲಿ ನೀರು. "ಒನ್ಸ್ ಮೋರ್" ಎಂದು ಕೂಗಿದೆವು. ಅವಳು ನಗುತ್ತಾ ಒಳಗೆ ಹೋದಳು.

ಇಷ್ಟು ವರ್ಷಗಳ ಮೇಲೂ ಒಂದು ಮನೆಯ ಹೆಂಗಸು ಊಟವಾದ ಮೇಲೆ ಲಂಗರಿನ ಮಾತು ಆಡುತ್ತಾಳೆ ಎಂದರೆ ಇನ್ನೇನು ಸಾಕ್ಷಿ ಬೇಕು? ಇದನ್ನೂ ಪುರಭವನದಲ್ಲಿ ಹೇಳಬೇಕೆಂದಿದ್ದೇನೆ.

ಸಿಟ್ಟು ಇಳಿಸು. ಬಿಪಿ ಮಾತ್ರೆ ತಗೊ.

ನಿನ್ನ ತಮ್ಮ


ಜೂನ್ ೨೧, ಶನಿವಾರ

ಲೋ,

ನಿನ್ನ ಕಾಗದ ಈಗ ಬಂತು. ಫೋನ್ ಮಾಡಿದೆ, ಆಫ್ ಮಾಡಿದ್ದೀಯ. ಅಭ್ಯಾಸ ಮಾಡುತ್ತಿದ್ದೀಯೇನೋ. ಸಂಜೆ ಬಸ್ಸಿನ ಡ್ರೈವರು ನಮ್ಮ ಗಿರಾಕಿ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಿನ್ನ ಕೈಗೇ ಕೊಡಬೇಕೆಂದು ಆಣೆ ಹಾಕಿಸಿಕೊಂಡಿದ್ದೇನೆ.

ಅವಳ ಕೈಯಲ್ಲಿ ಬ್ಯಾಗಿತ್ತು ಎಂದು ನೀನೇ ಬರೆದಿದ್ದೀಯ. ತಮಾಷೆ ಮಾಡುವವಳು ಬ್ಯಾಗು ತುಂಬಿಕೊಂಡು ಬರುತ್ತಾಳೇನೋ, ಕತ್ತೆ?

ಅವಳು ಗಂಡನನ್ನು ಮದುವೆಗೆ ಮುಂಚಿನಿಂದಲೂ "ನೀನು" ಎಂದೇ ಕರೆಯುವುದು, ನಿನಗೂ ಗೊತ್ತು. ಮತ್ತೆ "ನಿಮ್ದು" ಎಲ್ಲಿಂದ ಬಂತು? ಆ ದಿನ ನಾನು ಮಾವನವರಿಗೆ "ನಿಮ್ದು" ಅಂದಿದ್ದೆ, ಆ ಹೊತ್ತಿನಲ್ಲೂ ಮರ್ಯಾದೆ ಬಿಟ್ಟಿರಲಿಲ್ಲ. ನೀನು ನಿನ್ನ ದಡಿಯನಿಗೆ ಅದನ್ನು "ನಿಂದು" ಮಾಡಿದೆ. ಪುಟ್ಟಿ ದೊಡ್ಡವಳಾದ ಮೇಲೆ ಒಂದೇ ಒಂದು ಸಲ ಕೇಳಿದಳು, ಅಮ್ಮ ನೀನು ಹೇಗೆ ಬಂದೆ ಅಂತ. ಹೇಳಿದ್ದೆ. ಅವಳು ಎಡವಲಿಲ್ಲ. ಅವಳು ನಿನ್ನ ಚಿತ್ರದ ಮಾತು ಆಡಲಿಲ್ಲ, ನನ್ನ ಮಾತು ಆಡಿದಳು. ಆ ಮಾತು ಅಮ್ಮನಿಗೆ ದಾರಿ ಬಿಡಿಸಿತಲ್ಲ, ತನಗೂ ಬಿಡಿಸುತ್ತದೆ ಎಂದುಕೊಂಡು ಬ್ಯಾಗು ಹಿಡಿದು ಬಂದಳು. ನೀವು ಒನ್ಸ್ ಮೋರ್ ಅಂದಿರಿ!

ನನ್ನ ಮಾತು ಕೇಳಿ ಮಾವನಂಥ ಹುಲಿ ಕೈ ತೆಗೆದ. ಅದೇ ಮಾತಿಗೆ ನನ್ನ ಮಗಳಿಗೆ ಶಿಳ್ಳೆ. ಇದು ನಿನ್ನ ಹೀರೋ ಮಾಡಿದ ದೊಡ್ಡ ಕೆಲಸ. ಪುಟ್ಟ ಮಾತನ್ನು ದೊಡ್ಡದು ಮಾಡಿದನಂತೆ! ಅವನಾದರೂ ಪಾಪ, ಏನೂ ಅನ್ನದೆ ನಡೆದುಹೋಗಿದ್ದ. ಅವನ ಮೌನವನ್ನೂ ಹಾಳು ಮಾಡಿದೆ, ನನ್ನ ಮಾತನ್ನೂ ಹಾಳು ಮಾಡಿದೆ. ಹೆಸರು ಬೇಕಾ ಎಂದು ಕೇಳುತ್ತೀಯ. ನಿನ್ನ ಹೆಸರು ತಗೊಂಡು ಒಲೆಗೆ ಹಾಕು. ನನಗೆ ನನ್ನ ಮಗಳು ಬೇಕು.

ನಾನೇ ಈ ಬಸ್ಸು ಹತ್ತುತ್ತಿದ್ದೆ. ನನ್ನನ್ನು ಕಂಡರೆ ಅವನು ಗೇಟಿಗೆ ಬೀಗ ಹಾಕಿ ಅವಳನ್ನು ಇನ್ನೆಲ್ಲಿಗಾದರೂ ಸಾಗಿಸುತ್ತಾನೆ ಎಂದು ಭಯ. ನಿನಗೆ ತೆಗೆಯುತ್ತಾನೆ. ಕಾಗದ ಸಿಕ್ಕ ತಕ್ಷಣ ಹೋಗು. ಚರ್ಚೆಯೂ ಬೇಡ, ಗಿರ್ಚೆಯೂ ಬೇಡ. ಅಲ್ಲಿ ಬುದ್ಧಿ ಹೇಳಬೇಡ, ರಾಜಿ ಮಾಡಬೇಡ, ಡೈಲಾಗ್ ಹೊಡೆಯಬೇಡ. ಅವಳನ್ನು ಕರೆದುಕೊಂಡು ಬಸ್ಸು ಹತ್ತಿಸು. ಜನ್ಮದಲ್ಲಿ ಒಂದು ಸಲ ಬಾಯಿ ಮುಚ್ಚಿಕೊಂಡು ಕೆಲಸ ಮಾಡು.

ಮಾಡದಿದ್ದರೆ ನಿನಗೆ ಅಕ್ಕ ಇಲ್ಲ.


ಜೂನ್ ೨೨, ಭಾನುವಾರ, ರಾತ್ರಿ, ಬಸ್ ಸ್ಟ್ಯಾಂಡು

ಅಕ್ಕಾ,

ಇದನ್ನು ಪುಟ್ಟಿಯ ಕೈಯಲ್ಲೇ ಕಳಿಸುತ್ತಿದ್ದೇನೆ. ಅವಳು ಪಕ್ಕದ ಬೆಂಚಿನಲ್ಲಿ ಟೀ ಕುಡಿಯುತ್ತಿದ್ದಾಳೆ. ಬಸ್ಸಿಗೆ ಇನ್ನೂ ಹೊತ್ತಿದೆ. ನಾನು ಜೊತೆಗೆ ಬರುವವನಿದ್ದೆ. ನಿನ್ನ ಮುಖ ನೋಡುವ ಧೈರ್ಯವಾಗಲಿಲ್ಲ.

ನಿನ್ನ ಕಾಗದ ಸಿಕ್ಕಿತು. ಪುರಭವನಕ್ಕೆ ಹೋದೆ. ಸಭೆ ತುಂಬಿತ್ತು. ಅಳಿಯ ಮುಂದಿನ ಸಾಲಿನಲ್ಲಿ ತನ್ನ ಹುಡುಗರ ಜೊತೆ ಕೂತಿದ್ದ, ಎಲ್ಲರ ಎದೆ ಮೇಲೂ ಅದೇ ಅಕ್ಷರ. ಪುಟ್ಟಿ ಎಲ್ಲಿ ಎಂದರೆ "ತಲೆನೋವಂತೆ ಗುರುಗಳೇ, ಮಲಗಿದಾಳೆ" ಅಂದ. ಡ್ರಿಲ್ ಮಾಸ್ತರ ಮೊದಲು ಮಾತಾಡಿದ. ಬೆಂಕಿಕಡ್ಡಿಯಿಂದಾಗಿ ಒಂದು ತಲೆಮಾರು ಬೆಳಿಗ್ಗೆ ಎದ್ದು ಓಡುವುದನ್ನು ಕಲಿಯಿತು, ಇವತ್ತಿಗೂ ಮೈದಾನದಲ್ಲಿ ಅವನಿದ್ದಾನೆ ಎಂದ. ಅವನಿಗೆ ಸಿಕ್ಕಿದ್ದು ನಾಲ್ಕು ಚಪ್ಪಾಳೆ. ನಾನು ಎದ್ದರೆ ಸಾಕು, ಶಿಳ್ಳೆ.

ನಿರೂಪಕಿ ಕೇಳಿದಳು, ಆ ಮಾತು ಎಲ್ಲಿಂದ ಬಂತು ಸಾರ್ ಅಂತ. ನಿನ್ನ ಕಾಗದ ಜೇಬಿನಲ್ಲಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅದು ನನ್ನದಲ್ಲ, ನಮ್ಮ ಅಕ್ಕನದು. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಗಂಡನ ಮನೆ ಬಿಟ್ಟು ಬರುವಾಗ ಅಂದದ್ದು. ಆ ಮಗು ಈಗ ಅದೇ ಮಾತು ಹೇಳಿ ಹೊರಟಾಗ ನಾವೆಲ್ಲ ನಕ್ಕೆವು, ನಾನೂ ನಕ್ಕೆ. ಇಷ್ಟೂ ಹೇಳಿದೆ ಅಕ್ಕಾ. ಮುಟ್ಟಿತು ಎಂದುಕೊಂಡೆ.

ಆಮೇಲೆ ಏನಾಯಿತು ಗೊತ್ತಾ? ಅಳಿಯ ಎದ್ದು ನಿಂತು ಎರಡು ಕೈ ಮೇಲೆತ್ತಿ "ಅತ್ತೇಗೆ ಜೈ!" ಎಂದು ಕೂಗಿದ. ಇಡೀ ಭವನ ಎದ್ದಿತು. ಶಿಳ್ಳೆ, ಚಪ್ಪಾಳೆ, "ಬಾಗಿಲು ನಿಂದು" ಎಂದು ಅರ್ಧ ಸಭೆ, "ಕಾಲು ನಂದು" ಎಂದು ಇನ್ನರ್ಧ. ನಾನು ಮೈಕು ಹಿಡಿದು "ನಿಲ್ಸ್ರೋ, ನಿಲ್ಸಿ!" ಎಂದು ಅರಚಿದೆ. ಅದೂ ಡೈಲಾಗೇ ಎಂದುಕೊಂಡರು. ಅವನು, ಪುಟ್ಟಿಯ ಗಂಡ, ನನ್ನ ಕಡೆ ನೋಡಿ ಕಣ್ಣು ಹೊಡೆದ. ನನ್ನ ಮೈಯೆಲ್ಲ ಉರಿದುಹೋಯಿತು. ಆ ಕ್ಷಣಕ್ಕೆ ಲಂಗರಿನ ಸರಪಳಿ ಕೈಗೆ ಸಿಕ್ಕಿದ್ದರೆ ಆ ಮುಂದಿನ ಸಾಲನ್ನೇ ಬಡಿದುಹಾಕುತ್ತಿದ್ದೆ. ಇಷ್ಟು ವರ್ಷ ಯಾರು ಉಳಿದರು, ಯಾರು ಉಳಿದರು ಎಂದು ಕೊಚ್ಚಿಕೊಂಡೆ. ಪರದೆ ಮೇಲಿದ್ದವನು ಎಂದೋ ಹೋದ, ಕೆಳಗೆ ಕೂತು ಶಿಳ್ಳೆ ಹೊಡೆದವರು ಉಳಿದುಕೊಂಡರು. ಅವರಿಗೆ ತುತ್ತು ಮಾಡಿ ತಿನ್ನಿಸಿದವನು ನಾನು.

ವೇದಿಕೆಯ ಹಿಂದಿನ ಮೆಟ್ಟಿಲಿಳಿದು ನೇರ ಅವನ ಮನೆಗೆ ಹೋದೆ. ಗೇಟಿಗೂ ಬೀಗ, ಬಾಗಿಲಿಗೂ ಹೊರಗಿನಿಂದ ಬೀಗ. ತಲೆನೋವಿನ ಹೆಂಡತಿಯನ್ನು ಒಳಗಿಟ್ಟು ಬೀಗ ಹಾಕಿಕೊಂಡು ನನ್ನ ಭಾಷಣ ಕೇಳಲು ಬಂದಿದ್ದಾನೆ, ಬೇವಾರ್ಸಿ. ಎದುರುಮನೆಯ ಬಡಗಿ ಕಬ್ಬಿಣದ ಸಲಾಕೆ ಕೊಟ್ಟ. "ದಿನಾ ಕೇಳಿಸ್ತಿತ್ತು ಸಾರ್, ನೀವು ಬಂದು ಹೋಗ್ತಿದ್ರಲ್ಲ, ನಿಮಗೆ ಗೊತ್ತಿರುತ್ತೆ ಅನ್ಕೊಂಡೆ" ಅಂದ. ಏನು ಕೇಳಿಸುತ್ತಿತ್ತು ಎಂದು ನಾನು ಕೇಳಲಿಲ್ಲ. ಬೀಗ ಒಡೆದೆ. ಪುಟ್ಟಿ ಬಾಗಿಲು ತೆಗೆದಳು, ಹೊರಟೆವು. ಎಡಗೈ ಸೊಟ್ಟಗೆ ಹಿಡಿದಿದ್ದಾಳೆ, ಯಾಕೆ ಎಂದರೆ ಹೇಳುವುದಿಲ್ಲ. ನಾಳೆಯೇ ಡಾಕ್ಟರಿಗೆ ತೋರಿಸು.

ಬಸ್ಸು ಬಂತು. ಬೈಯುವುದಿದ್ದರೆ ಬೈದು ಬರಿ. ಸುಮ್ಮನಿರಬೇಡ ಅಕ್ಕಾ.

ತಮ್ಮ


ಜುಲೈ ೯, ಬುಧವಾರ

ತಮ್ಮಾ,

ಬರೆಯಲು ಕೂತಾಗಲೆಲ್ಲ ಸಿಟ್ಟಿಗೆ ಪೆನ್ನು ಕಾಗದ ಹರಿಯುತ್ತಿತ್ತು. ಅದಕ್ಕೇ ಇಷ್ಟು ದಿನವಾಯಿತು. ಈಗಲೂ ಇಳಿದಿದೆ ಅಂದುಕೊಳ್ಳಬೇಡ.

ಪುಟ್ಟಿಯ ಕೈ ಮೂಳೆ ಬಿರುಕು ಬಿಟ್ಟು ತಾನೇ ಸೊಟ್ಟಗೆ ಕೂಡಿಕೊಂಡಿತ್ತು. ಹಳೆಯದು ಅಂದರು ಡಾಕ್ಟರು. ಮತ್ತೆ ಬಿಡಿಸಿ ಕೂರಿಸಿ ಪಟ್ಟಿ ಹಾಕಿದ್ದಾರೆ. ನೀನು ಊಟಕ್ಕೆ ಹೋದ ಶನಿವಾರವೂ ಅದು ಹಾಗೇ ಇತ್ತು. ಬ್ಯಾಗು ಬಲಗೈಯಲ್ಲಿತ್ತು ಎಂದು ನಿನಗೆ ಕಾಣಲಿಲ್ಲ.

ನೀನು ಬರೆಯದೆ ಬಿಟ್ಟದ್ದನ್ನೆಲ್ಲ ಅವಳೂ ಡ್ರೈವರೂ ಸೇರಿ ತುಂಬಿದರು. ಡ್ರೈವರು ನನ್ನ ಕಾಗದವನ್ನು ಬೆಳಿಗ್ಗೆ ನೀನು ಹಲ್ಲುಜ್ಜುತ್ತಿದ್ದಾಗಲೇ ಕೊಟ್ಟನಂತೆ. "ಸಿಕ್ಕಿತು" ಎಂದಷ್ಟೇ ಬರೆದೆ ನೀನು. ಅದನ್ನು ಜೇಬಿನಲ್ಲಿಟ್ಟುಕೊಂಡು ಸಂಜೆಯ ತನಕ ಲೈಟಿನ ಕೆಳಗೆ ಕೂತಿದ್ದೆ. ಅವಳು ಅಷ್ಟು ಹೊತ್ತೂ ಬೀಗದ ಒಳಗಿದ್ದಳು. ಅದಕ್ಕೂ ಮುಂಚೆ ಅವಳೇ ಬಾಯಿಬಿಟ್ಟು ನಿನ್ನ ಹತ್ತಿರ ಹೇಳಿಕೊಂಡಿದ್ದಳಂತೆ, "ಮಾಮ, ನನ್ನನ್ನ ಅಮ್ಮನ ಹತ್ರ ಬಿಟ್ಟು ಬಾ" ಅಂತ. "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಅಂದೆಯಂತೆ. ಇದನ್ನು ಯಾವ ಕಾಗದದಲ್ಲಿ ಬರೆದಿದ್ದೀಯ, ತೋರಿಸು.

"ಪುಟ್ಟಿ ಬಾಗಿಲು ತೆಗೆದಳು, ಹೊರಟೆವು" ಎಂದು ಬರೆದೆ. ಬೀಗ ಒಡೆದ ಮೇಲೂ ಅವಳು ಒಳಗಿನ ಚಿಲಕ ತೆಗೆಯಲಿಲ್ಲವಂತೆ. ಕತ್ತಲಾಗುತ್ತಾ ಬಂದರೂ ನೀನು ಹೊರಗೆ ಕೂತು ಅಳುತ್ತಿದ್ದೆಯಂತೆ. ಕೊನೆಗೆ ಬಾಗಿಲು ಸಂದಿಯಿಂದ ನಿನ್ನನ್ನೇ ನೋಡಿ ಅವಳು ಕೇಳಿದ್ದನ್ನೂ ಹೇಳಿದಳು. "ಬಂದ್ರೆ ನಗಲ್ವಾ ಮಾಮ?" ಎಂದು ಕೇಳಿದಳಂತೆ. ನಿನ್ನನ್ನು ಎತ್ತಿ ಆಡಿಸಿ ಬೆಳೆಸಿದ ಕೈ ಇದು. ಇದೇ ಕೈಯಿಂದ ನಿನಗೆ ನಾಲ್ಕು ಬಾರಿಸಬೇಕು ಎನಿಸುತ್ತದೆ. ಬೀಗ ಒಡೆದೆ, ಕರೆತಂದೆ, ಸುಳ್ಳಲ್ಲ. ಒಂದರಿಂದ ಇನ್ನೊಂದು ವಜಾ ಆಗುವುದಿಲ್ಲ.

ನಿನ್ನೆ ಅವನು ಇಲ್ಲಿಗೆ ಬಂದಿದ್ದ. ಜೊತೆಗೆ ಇಬ್ಬರು ಪೈಲ್ವಾನರು. ಮಧ್ಯಾಹ್ನ, ಅಂಗಡಿ ತುಂಬ ಗಿರಾಕಿಗಳು. ಪುಟ್ಟಿ ಕೌಂಟರಿನಲ್ಲಿ ಒಂದೇ ಕೈಯಲ್ಲಿ ಬಟ್ಟೆಗೆ ಚೀಟಿ ಚುಚ್ಚುತ್ತಿದ್ದಳು. ಅವನು ಬಂದವನೇ ಚೌಕಟ್ಟಿಗೆ ಎರಡು ಕೈ ಕೊಟ್ಟು ನಿಂತ. ಅಭ್ಯಾಸ! ಒಳಗಿದ್ದವರು ಹೊರಗೆ ಹೋಗುವಂತಿಲ್ಲ, ಹೊರಗಿದ್ದವರು ಒಳಗೆ ಬರುವಂತಿಲ್ಲ. ನಾನು ಕಾದ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡೆ. ದೇವರಾಣೆ, ಮುಖಕ್ಕೇ ಇಡುವವಳಿದ್ದೆ. ಪುಟ್ಟಿ ತಿರುಗದೆಯೇ "ಅಮ್ಮ, ಅದನ್ನ ಕೆಳಗಿಡು" ಅಂದಳು.

ಅವನು ನಗುನಗುತ್ತಾ "ಆಯ್ತಲ್ಲ ಆಟ? ಬಾ, ಮನೆಗೆ ಹೋಗೋಣ"  ಅಂದ. ಜನ ಎಲ್ಲ ಪುಟ್ಟಿಯ ಕಡೆ ತಿರುಗಿದರು. ಟೀವಿಯಲ್ಲಿ ನಿನ್ನ ಭಾಷಣ ನೋಡಿದ್ದವರು ಅವರು, ಏನೋ ಬರುತ್ತದೆ ಎಂದು ಕಾಯುತ್ತಿದ್ದರು. ಒಬ್ಬ ಫೋನು ಕೂಡ ಎತ್ತಿ ಹಿಡಿದಿದ್ದ.

ಪುಟ್ಟಿ ಕೈಯಲ್ಲಿದ್ದ ಅಂಗಿ ಮಡಿಸಿ ಇಟ್ಟಳು. "ಬರಲ್ಲ" ಅಂದಳು.

ಅವನು ಕಾದ. ಪೈಲ್ವಾನರೂ ಕಾದರು. "ಆಮೇಲೆ?" ಅಂದ ಅವನು. "ಆಮೇಲೆ ಏನಿಲ್ಲ. ಬರಲ್ಲ" ಅಂದಳು. ಕೂಗಲಿಲ್ಲ, ಅಳಲಿಲ್ಲ, ಸೋಪಿನ ಪುಡಿ ತೀರಿದೆ ಎನ್ನುವ ಹಾಗೆ ಹೇಳಿದಳು. ಶಿಳ್ಳೆ ಹೊಡೆಯಲು ಅದರಲ್ಲಿ ಏನೂ ಇರಲಿಲ್ಲ. ಫೋನು ಎತ್ತಿದವನು ಇಳಿಸಿಕೊಂಡ. ಬಾಗಿಲ ಹೊರಗೆ ಚೀಲ ಹೊತ್ತು ನಿಂತಿದ್ದ ಒಬ್ಬಳು ಮುದುಕಿ "ಏಯ್, ದಾರಿ ಬಿಡಪ್ಪ, ಭಾರ ಇದೆ" ಎಂದು ಅವನ ಬೆನ್ನಿಗೆ ತಿವಿದಳು. ಅವನು ಕೈ ಇಳಿಸಿದ. ಅವಳಿಗೆ ದಾರಿ ಬಿಟ್ಟು ಹೊರಟುಹೋದ.

ಆಣೆ ಮಾಡಿ ಹೇಳುತ್ತೇನೆ, ಆ ಮೂರಕ್ಷರ ನನಗೆ ಆ ದಿನ ಹೊಳೆದಿರಲಿಲ್ಲ.

ಮನೆಗೆ ಬರುವುದಾದರೆ ಬಾ. ಪುಟ್ಟಿ ಬೇಡ ಎಂದಿಲ್ಲ. ಬೈಗುಳ ತಿನ್ನಲು ತಯಾರಾಗಿ ಬಾ. ಆದರೆ ಆ "ಬರಲ್ಲ" ಅವಳದು. ಇನ್ನು ಯಾವನಾದರೂ ನಿನಗೆ ಬೆನ್ನು ತಿರುಗಿಸಿ ನಡೆದರೆ, ಅವನ ಬಾಯಿಗೆ ಅದನ್ನು ತುಂಬಿದೆಯೋ, ನೋಡು ಮತ್ತೆ.

ಅಕ್ಕ